ತಗ್ಗಿನ ಸುಳಿ

ತಾಂಬಾದ ಬಸಂತರಾಯ ಯಾರಿಗೂ ಒಂದು ಕೆಟ್ಟ ಮಾತು ಆಡಿದವನಲ್ಲ. ಊರವರು ಹೀಗೆ ಹೇಳುತ್ತಿದ್ದರು. ಊರವರಿಗಿಂತ ಮೊದಲು ಅವನೇ ಹೇಳಿಕೊಳ್ಳುತ್ತಿದ್ದ. ಒಂದು ಮೊಳ ಬದುವಿಗಾಗಿ ಅಣ್ಣತಮ್ಮಂದಿರು ತಲೆ ಒಡೆದುಕೊಳ್ಳುವ ಊರು ಅದು. ಬಾವಿಕಟ್ಟೆಯ ಮೇಲೆ ಕೊಡ ಮುಂದಿಟ್ಟದ್ದಕ್ಕೆ ಹೆಂಗಸರು ಸತ್ತ ಮುತ್ತಜ್ಜಿಯನ್ನೂ ಬಿಡದೆ ಬೈದಾಡುವ ಊರು. ಅಂಥ ಊರಿನಲ್ಲಿ ಐವತ್ತೆಂಟು ವರ್ಷ ಬದುಕಿಯೂ ಈ ಮನುಷ್ಯನ ಬಾಯಿಂದ ಒಂದು ಬೈಗುಳ ಉದುರಿರಲಿಲ್ಲ. ಸಿಟ್ಟು ಬಂದರೆ ತಲೆಯ ಮೇಲಿನ ಪಟಕಾ ಸರಿಮಾಡಿಕೊಂಡು ಎದ್ದು ಹೋಗುತ್ತಿದ್ದ, ಅಷ್ಟೇ.

"ಮನಸಿನ್ಯಾಗ ನೂರು ಬರ್ತಾವ, ಹೋಗ್ತಾವ. ಬಾಯಿಗೆ ಬರಬಾರದು ನೋಡ್ರಿ," ಎಂದು ಕಟ್ಟೆಯ ಮೇಲೆ ಕೂತವರಿಗೆ ಹೇಳುತ್ತಿದ್ದ. ಮನಸ್ಸೆಂದರೆ ಅವನ ಪ್ರಕಾರ ಕೀಲಿ ಹಾಕಿದ ಕೋಣೆ. ಒಳಗೆ ಏನು ಬಿದ್ದಿದ್ದರೂ ಹೊರಗೆ ಓಡಾಡುವವರ ಕಾಲಿಗೆ ತೊಡರುವುದಿಲ್ಲ.

ಹಾಗಾಗಿ ಎಪ್ಪತ್ತೇಳನೆಯ ಇಸವಿಯ ಯುಗಾದಿ ಮುಗಿದ ವಾರ ಮಗ ಹಣಮಂತ್ರಾಯ ಮನಗೂಳಿಯಿಂದ ಒಬ್ಬನೇ ತಿರುಗಿ ಬಂದಾಗ ಬಸಂತರಾಯನಿಗೆ ಏನೂ ತಿಳಿಯಲಿಲ್ಲ. ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋದ ಸೊಸೆ ಬಾಳಮ್ಮನನ್ನೂ ಐದು ತಿಂಗಳ ಹೆಣ್ಣುಕೂಸನ್ನೂ ಕರೆತರಲು ಹೋಗಿದ್ದ ಮಗ. ಕೂಸಿಗೆಂದು ಅವನ ಅವ್ವ ಚನ್ನವ್ವ ಹೊಲಿದುಕೊಟ್ಟಿದ್ದ ಪುಟ್ಟ ಕುಲಾಯಿ ಅವನ ಅಂಗಿಯ ಕಿಸೆಯಲ್ಲಿ ಹಾಗೆಯೇ ಇತ್ತು.

"ಬರಂಗಿಲ್ಲಂತ," ಎಂದ ಹಣಮಂತ್ರಾಯ. "ಮಾವ ಇರೋ ಮನ್ಯಾಗ ನಂಗ ಉಸಿರು ಕಟ್ಟತೈತಿ ಅಂತಾಳ."

"ನಾ ಏನ್ ಅಂದೀನೋ ಆಕಿಗೆ?"

"ಅದನ್ನ ಕೇಳಿದ್ನಿ. ನಿಮ್ಮಪ್ಪ ಒಂದ್ ಮಾತೂ ಅಂದಿಲ್ಲ ಅಂದ್ಲು. ಹಂಗಂದು ಅಳಾಕ ಹತ್ತಿದ್ಲು. ನೋಡಪ್ಪಾ, ಅವರಪ್ಪ ನನಗ ಅಲ್ಲೇ ಇದ್ದು ಹೊಲಾ ನೋಡ್ಕೋ ಅಂದಾನ. ಬರೋ ಹುಣ್ಣಿವಿ ತನಕ ಕಾಯ್ತೇನಿ. ಆಮ್ಯಾಲ ನಾನೂ ಹೋಗಾವ."

ಇರುವವನೊಬ್ಬ ಮಗ. ಮೊಮ್ಮಗಳ ಮುಖವನ್ನು ಬಸಂತರಾಯ ಇನ್ನೂ ನೋಡಿರಲಿಲ್ಲ. ಬಾಣಂತಿ ಮನೆಗೆ ಗಂಡಸರಿಗೇನು ಕೆಲಸ ಎಂದು ಹೆಂಡತಿಯನ್ನಷ್ಟೇ ಕಳಿಸಿದ್ದ. ಒಲೆಯ ಮುಂದೆ ಕೂತಿದ್ದ ಚನ್ನವ್ವನ ಕಡೆ ತಿರುಗಿದ.

"ನೀನರ ಹೇಳ. ಮೂರು ವರ್ಷದಾಗ ಆಕಿಗೆ ನಾ ಏನರ ಅಂದೀನೇನು?"

"ಏನೂ ಅಂದಿಲ್ರಿ," ಎಂದಳು ಚನ್ನವ್ವ, ರೊಟ್ಟಿ ತಿರುವುತ್ತ. "ಅಂದಿದ್ರ ಚೊಲೋ ಇತ್ತು."

ಏನೂ ಅನ್ನದವನ ತಪ್ಪೇನು? ಈ ಪ್ರಶ್ನೆ ಹಲ್ಲಿನ ಸಂದಿಯಲ್ಲಿ ಸಿಕ್ಕ ಜೋಳದ ಸಿಪ್ಪೆಯ ಹಾಗೆ ಬಸಂತರಾಯನನ್ನು ಕಾಡತೊಡಗಿತು. ಅದಕ್ಕೆ ಉತ್ತರ ಸಿಕ್ಕಿದ್ದು ಮನುಷ್ಯರಿಂದಲ್ಲ, ಒಂದು ಎತ್ತಿನಿಂದ. ಆ ಎತ್ತಿನ ಸಂಗತಿ ಹೇಳಬೇಕಾದರೆ ಎರಡು ವರ್ಷ ಹಿಂದಕ್ಕೆ ಹೋಗಬೇಕು.

ಎತ್ತು ನೋಡುವುದರಲ್ಲಿ ಬಸಂತರಾಯನ ಕಣ್ಣೆಂದರೆ ಇಂಡಿ ತಾಲೂಕಿಗೇ ಹೆಸರು. ಹಲ್ಲು ನೋಡಿ ವಯಸ್ಸು ಹೇಳುವವರು ಬೇಕಾದಷ್ಟಿದ್ದರು. ಇವನು ಸುಳಿ ನೋಡಿ ಎತ್ತಿನ ಗುಣ ಹೇಳುತ್ತಿದ್ದ. ದನದ ಮೈಮೇಲೆ ಕೂದಲು ತಿರುಗಿಕೊಂಡು ನಿಂತ ಜಾಗವೇ ಸುಳಿ. ಅದು ಹಣೆಯ ಮೇಲಿದೆಯೋ ಬೆನ್ನಿನ ಮೇಲಿದೆಯೋ, ಮೇಲ್ಮುಖವೋ ಕೆಳಮುಖವೋ, ಅದರ ಮೇಲೆ ಎತ್ತು ಕಟ್ಟಿದವನ ಹಣೆಬರಹ ನಿಂತಿದೆ ಎಂದು ಆ ಕಡೆಯವರ ನಂಬಿಕೆ. ಯಾರೇ ಎತ್ತು ಕೊಳ್ಳಲಿ, "ಒಮ್ಮೆ ಬಸಂತರಾಯಗೌಡ್ರು ನೋಡ್ಲಿ" ಎನ್ನುತ್ತಿದ್ದರು.

ಮನಗೂಳಿಯ ದನದ ಸಂತೆಯಲ್ಲಿ ಅವನಿಗೆ ಮುದ್ದೇಬಿಹಾಳ ಕಡೆಯ ಒಂದು ಹೋರಿ ಕಣ್ಣಿಗೆ ಬಿತ್ತು. ಬಿಳಿ ಮೈ, ಕಪ್ಪು ಗೊರಸು, ನಿಂತ ನಿಲುವೇ ಬೇರೆ. ಬೆನ್ನಮೇಲೆ ಕನ್ನಡಿ ಚೂರು ಹಚ್ಚಿದ ಝೂಲ ಹೊದಿಸಿದ್ದರು. ಆ ಝೂಲ ಎತ್ತಿ ನೋಡಬೇಕಾಗಿತ್ತು, ಅದು ಸಂತೆಯ ಮೊದಲ ಪಾಠ. ಆದರೆ ಸುತ್ತ ಹತ್ತು ಮಂದಿ ನಿಂತಿದ್ದರು. ಅವರಲ್ಲೊಬ್ಬ, "ಗೌಡ್ರಿಗೆ ಝೂಲ ಎತ್ತೋದು ಯಾಕ ಬೇಕ್ರಿ, ಅರಿಬೀ ಮ್ಯಾಲಿಂದ ಕಾಣ್ತೈತಿ!" ಎಂದ. ಬಸಂತರಾಯ ಉಬ್ಬಿಹೋದ. ಝೂಲ ಮುಟ್ಟಲಿಲ್ಲ. ಹೋರಿಯ ಕೊರಳು ತಟ್ಟಿ, ವ್ಯಾಪಾರ ಮುಗಿಸಿ, ಹೊಡೆದುಕೊಂಡು ಬಂದ. ಚಂದ್ರ್ಯಾ ಎಂದು ಹೆಸರಿಟ್ಟ.

ಮರುದಿನ ಹಳ್ಳದಲ್ಲಿ ಮೈ ತಿಕ್ಕುವಾಗ ಭುಜದ ಡುಬ್ಬದ ಹಿಂದೆ ಕೂದಲು ಸರಿಸಿದ. ಕೈ ಅಲ್ಲೇ ನಿಂತಿತು. ಹುಣಸೆಬೀಜದಷ್ಟು ಅಗಲದ ಒಂದು ಸುಳಿ, ಕೆಳಮುಖವಾಗಿ ಒಳಕ್ಕೆ ಒಳಕ್ಕೆ ತಿರುಗಿತ್ತು. ತಗ್ಗಿನ ಸುಳಿ! ಕಟ್ಟಿದ ಯಜಮಾನನನ್ನು ತಗ್ಗಿಗೆ ಇಳಿಸುವ ಸುಳಿ. ತಗ್ಗು ಎಂದರೆ ಹೆಣ ಹೂಳುವ ತಗ್ಗು.

ಯಾರಿಗೆ ಹೇಳುವುದು? ಹೇಳಿದರೆ ನಗೆಪಾಟಲು. ಝೂಲ ಎತ್ತದೆ ಎತ್ತು ತಂದ ಬಸಂತರಾಯ ಎಂದು ನಾಲ್ಕು ತಾಲೂಕಿನ ಸಂತೆಯಲ್ಲಿ ಮಾತಾಗುತ್ತದೆ. ಕೂದಲನ್ನು ಮೊದಲಿನ ಹಾಗೆ ಸವರಿ ಮುಚ್ಚಿದ. ಸುಳಿಯನ್ನು ಕೀಲಿ ಹಾಕಿದ ಕೋಣೆಯೊಳಗೆ ಎಸೆದು ಬಾಗಿಲು ಎಳೆದುಕೊಂಡ. ಹೆಂಡತಿಗೂ ಹೇಳಲಿಲ್ಲ, ಮಗನಿಗೂ ಹೇಳಲಿಲ್ಲ.

ಹೇಳದಿದ್ದರೇನು, ಅವತ್ತಿನಿಂದ ಚಂದ್ರ್ಯಾನ ಹಗ್ಗ ಒಂದು ಗೇಣು ಮೋಟಾಯಿತು. ಗ್ವಾದಲಿಗೆ ಮೇವು ಹಾಕುವಾಗ ಬಸಂತರಾಯ ಎದುರಿನಿಂದ ಹೋಗದೆ ಮಗ್ಗುಲಿನಿಂದ ಹೋಗುತ್ತಿದ್ದ. ಅದಕ್ಕೆ ಎಂದೂ ಬೆನ್ನು ಕೊಡುತ್ತಿರಲಿಲ್ಲ. ಬಲಗೈಯಲ್ಲಿ ಬಾರಕೋಲು ಹಿಡಿದು, ಅದನ್ನು ಬೆನ್ನ ಹಿಂದೆ ಮರೆಮಾಡಿ ನಿಲ್ಲುತ್ತಿದ್ದ. ಕೊಟ್ಟಿಗೆಗೆ ಬರುವ ಮೊದಲು ಒಮ್ಮೆ ಗಂಟಲು ಸರಿಮಾಡಿ ಕೆಮ್ಮುವುದು ಅವನ ರೂಢಿ. ಮೊದಲೆಲ್ಲ ಆ ಕೆಮ್ಮಿಗೆ ಎತ್ತುಗಳು ಮುಖ ಎತ್ತುತ್ತಿದ್ದವು. ಬರಬರುತ್ತ ಚಂದ್ರ್ಯಾ ಆ ಕೆಮ್ಮು ಕೇಳಿದೊಡನೆ ತಲೆ ತಗ್ಗಿಸಿ ಕೊಂಬು ಮುಂದೆ ಮಾಡತೊಡಗಿತು. ಒಂದು ದಿನ ಧೋತರ ಹರಿಯಿತು, ಇನ್ನೊಂದು ದಿನ ಅವನನ್ನೇ ಗೋಡೆಗೆ ಒತ್ತಿ ಹಿಡಿಯಿತು.

"ನೋಡ್, ಬಣ್ಣಾ ತೋರಿಸ್ತು," ಎಂದುಕೊಂಡ ಬಸಂತರಾಯ. ಪಕ್ಕೆ ನೋಯುತ್ತಿದ್ದರೂ ಒಳಗೊಳಗೇ ಒಂದು ಸಮಾಧಾನ, ತನ್ನ ಓದು ತಪ್ಪಲಿಲ್ಲವಲ್ಲ ಎಂದು! ಮನುಷ್ಯನ ಬುದ್ಧಿಗೆ ಏನನ್ನಬೇಕೋ.

ವಿಚಿತ್ರವೆಂದರೆ ಅದೇ ಚಂದ್ರ್ಯಾ ಬಾಳಮ್ಮನ ಕೈಯಿಂದ ರೊಟ್ಟಿ ತಿನ್ನುತ್ತಿತ್ತು. ಆಕೆ ಸಂಜೆ ಮಿಕ್ಕ ರೊಟ್ಟಿ ಮುರಿದು ಒಯ್ದರೆ ಅಂಗೈ ನೆಕ್ಕಿ, ಗದ್ದ ಅವಳ ಹೆಗಲ ಮೇಲಿಟ್ಟು ನಿಲ್ಲುತ್ತಿತ್ತು. ಬಸಂತರಾಯ ದೂರದಿಂದ ನೋಡಿ ತಲೆಯಾಡಿಸಿದ. ಎರಡೂ ಒಂದೇ ಜಾತಿಯವು, ಅದಕ್ಕೇ ಹೊಂದಿಕೊಂಡಿವೆ ಎಂದು ಅವನ ಎಣಿಕೆ.

ಯಾಕೆಂದರೆ ಬಾಳಮ್ಮನ ಬಗ್ಗೆಯೂ ಆ ಕೋಣೆಯಲ್ಲಿ ಒಂದು ಸಂಗತಿ ಬಿದ್ದಿತ್ತು. ಮದುವೆಯಾಗಿ ಮನೆ ತುಂಬುವ ದಿನ ಹೊಸ್ತಿಲ ಮೇಲೆ ಜೋಳ ತುಂಬಿದ ಹಿತ್ತಾಳೆಯ ಸೇರು ಇಟ್ಟಿದ್ದರು. ಹೊಸ ಸೊಸೆ ಬಲಗಾಲಿನಿಂದ ಸೇರು ಒದ್ದು, ಅದೇ ಬಲಗಾಲು ಒಳಗಿಡಬೇಕು. ಬಾಳಮ್ಮ ಬಲಗಾಲಿನಿಂದಲೇ ಒದ್ದಳು. ಜೋಳ ಚೆಲ್ಲಿತು, ಹೆಂಗಸರು ಹೋ ಎಂದರು, ಎಲ್ಲರ ಕಣ್ಣೂ ಜೋಳದ ಮೇಲೆ. ಎತ್ತಿನ ಗೊರಸು ನೋಡಿ ಪಳಗಿದ ಬಸಂತರಾಯ ಮಾತ್ರ ಕಾಲು ನೋಡುತ್ತಿದ್ದ. ಹುಡುಗಿ ಬಲಗಾಲು ಹಿಂದಕ್ಕೆ ಎಳೆದುಕೊಂಡು ಎಡಗಾಲು ಒಳಗಿಟ್ಟಳು.

ಅದನ್ನೂ ಅವನು ಯಾರಿಗೂ ಹೇಳಲಿಲ್ಲ. ಬೇರೆ ಮಾವನಾಗಿದ್ದರೆ ಅವತ್ತೇ ಗದ್ದಲ ಎಬ್ಬಿಸುತ್ತಿದ್ದ, ತಾನು ದೊಡ್ಡ ಮನಸ್ಸಿನವನು ಎಂದು ಒಳಗೇ ಹೆಮ್ಮೆಪಟ್ಟ. ಆದರೆ ಸಂತೆಗೆ ಹೊರಡುವಾಗ ಸೊಸೆ ಎದುರು ಬಂದರೆ ಒಳಗೆ ಹೋಗಿ ನೀರು ಕುಡಿದು ಮತ್ತೆ ಹೊರಡುತ್ತಿದ್ದ. ರೊಟ್ಟಿ ಅವಳು ಬಡಿಸಲು ಬಂದರೆ, "ನಿಮ್ಮತ್ತಿ ಎಲ್ಲಿ?" ಎನ್ನುತ್ತಿದ್ದ. ಪಡಸಾಲೆಯಲ್ಲಿ ಅವನ ಕೆಮ್ಮು ಕೇಳಿದರೆ ಅಡುಗೆಮನೆಯಲ್ಲಿ ಏನಾದರೊಂದು ಪಾತ್ರೆ ಬೀಳುತ್ತಿತ್ತು. ಕೈ ಜಾರುವ ಹುಡುಗಿ, ಎಡಗಾಲಿನ ಹುಡುಗಿ ಎಂದು ಅವನು ಮನಸ್ಸಿನಲ್ಲೇ ತಲೆಯಾಡಿಸುತ್ತಿದ್ದ.

ಒಂದು ವರ್ಷದ ಮೇಲೆ ಚಂದ್ರ್ಯಾನನ್ನು ಮಾರುವ ಮಾತು ಬಂದಾಗ ಬಾಳಮ್ಮ ಅತ್ತೆಯ ಮೂಲಕ ಹೇಳಿ ಕಳಿಸಿದಳು, ಮಾರಬ್ಯಾಡ್ರಿ ಅಂತ. ಮನೆಗೆ ಬಂದ ಮೇಲೆ ಆಕೆ ಕೇಳಿಕೊಂಡದ್ದು ಅದೊಂದೇ. ಬಸಂತರಾಯ ಪಟಕಾ ಸರಿಮಾಡಿಕೊಂಡು ಎದ್ದು ಹೋದ. ಇಂಡಿಯ ಸಂತೆಯಲ್ಲಿ ಸಿಂದಗಿ ಆಚೆಯ ಹಳ್ಳಿಯ ಅಪ್ಪಾಸಾಬ ಎಂಬ ಬಡರೈತ ಸಿಕ್ಕ. ವರ್ಷಾನುಗಟ್ಟಲೆ ಮಂದಿಯ ಹೊಲದಲ್ಲಿ ದುಡಿದು, ಈಗ ಮೊದಲ ಸಲ ಸ್ವಂತಕ್ಕೆ ಎತ್ತು ಕಟ್ಟಲು ಹೊರಟವನು. "ಕೊಂಬಿಲೆ ಹಾಯತೈತಿ, ಜ್ವಾಕಿ," ಎಂದು ಬಸಂತರಾಯ ಹೇಳಿದ್ದು ನಿಜ. ಸುಳಿಯ ಮಾತು ಎತ್ತಲಿಲ್ಲ. ಅಪ್ಪಾಸಾಬ ಹಗ್ಗ ಹಿಡಿದು ಹೋಗುವಾಗ ಅವನ ಬೆನ್ನು ನೋಡಿ ಸ್ವಲ್ಪ ಕಸಿವಿಸಿಯಾಯಿತು, ಆದರೆ ಅದಕ್ಕೂ ಒಳಗೆ ಜಾಗ ಇತ್ತು.

ಇದಿಷ್ಟು ಹಿಂದಿನದು. ಈಗ ಹುಣ್ಣಿಮೆಗೆ ಒಂಬತ್ತು ದಿನ ಉಳಿದಿದ್ದಾಗ ಬಳೆಗಾರ್ತಿ ರಹಿಮಾಬಿ ಬಾಗಿಲಿಗೆ ಬಂದಳು. ಸಿಂದಗಿ, ಇಂಡಿ ಎಂದು ಊರೂರು ತಿರುಗಿ ಬಳೆ ಇಡಿಸುವವಳು, ಸುದ್ದಿಗೆ ಅವಳ ಬುಟ್ಟಿಯಲ್ಲಿ ಬಳೆಗಿಂತ ಹೆಚ್ಚು ಜಾಗ. ಚನ್ನವ್ವನ ಕೈ ಅಮುಕಿ ಬಳೆ ಏರಿಸುತ್ತ ಅಂದಳು:

"ಗೌಡ್ರ, ನಿಮ್ಮ ಚಂದ್ರ್ಯಾನ ಗಾಡ್ಯಾಗ ಕುಂತು ಬಂದ್ನಿ ನೋಡ್ರಿ ಮೊನ್ನಿ. ಏನ್ ಎತ್ತರೀ ಅದು! ಕೂಸುಗೋಳು ಅದರ ಹೊಟ್ಟೀ ಕೆಳಗ ತೂರಿ ಆಡ್ತಾವ."

"ಬ್ಯಾರೇ ಎತ್ತು ಇರಬೇಕು," ಎಂದ ಬಸಂತರಾಯ.

"ಎಡಗಿವಿ ಸೀಳಿಲ್ಲೇನ್ರಿ ನಿಮ್ಮ ಎತ್ತಿಂದು? ಅದ. ಅಪ್ಪಾಸಾಬನ ಅವ್ವ ಗುಂಡವ್ವ ಅದಕ್ಕ ಒರಗಿ ಕುಂತು ಅವರಿಕಾಯಿ ಸುಲೀತಾಳ."

ಬಸಂತರಾಯನಿಗೆ ಊಟ ಸೇರಲಿಲ್ಲ. ಸುಳಿ ಸುಳ್ಳಾಗುವುದಿಲ್ಲ. ತನ್ನ ಪಕ್ಕೆಯ ನೋವೂ ಸುಳ್ಳಲ್ಲ. ಹಾಗಾದರೆ ಒಂದೇ ಎತ್ತು ಅಲ್ಲಿ ಕುರಿಮರಿ, ಇಲ್ಲಿ ಹುಲಿ ಹೇಗಾಯಿತು? ಅಪ್ಪಾಸಾಬ ಮದ್ದೇನಾದರೂ ಹಾಕಿದನೋ? ಮೂಗುದಾಣ ಬದಲಿಸಿದನೋ? ಎತ್ತಿನ ವಿದ್ಯೆಯಲ್ಲಿ ತನಗೆ ಗೊತ್ತಿಲ್ಲದ್ದು ಒಂದಿದೆ ಎನ್ನುವುದೇ ಅವನಿಗೆ ತಡೆಯದಾಯಿತು. ಮಗ ಮನೆ ಬಿಡುವ ಚಿಂತೆಯ ನಡುವೆಯೂ ಈ ಕುತೂಹಲ ಕಾಲಲ್ಲಿ ತುರಿಕೆಯ ಹಾಗೆ ಎದ್ದಿತು. ಮಾರನೆಯ ದಿನ ಬೆಳಿಗ್ಗೆ ಬುತ್ತಿ ಕಟ್ಟಿಸಿಕೊಂಡು ಸಿಂದಗಿಯ ಬಸ್ಸು ಹತ್ತಿದ.

ಅಪ್ಪಾಸಾಬನ ಮನೆ ಊರ ಅಂಚಿನಲ್ಲಿ, ಎರಡು ಕೋಣೆ ಮತ್ತು ಮುಂದೊಂದು ಬೇವಿನ ಮರ. ಬಸಂತರಾಯ ನೇರ ಹೋಗಲಿಲ್ಲ. ಬೇಲಿಯ ಹೊರಗೆ ನಿಂತು ನೋಡಿದ. ಚಂದ್ರ್ಯಾ ಬೇವಿನ ನೆರಳಲ್ಲಿ ಮಲಗಿ ಮೆಲುಕು ಹಾಕುತ್ತಿತ್ತು. ರಹಿಮಾಬಿ ಹೇಳಿದ ಹಾಗೆಯೇ ಒಬ್ಬ ಮುದುಕಿ ಅದರ ಹೊಟ್ಟೆಗೆ ಬೆನ್ನು ಕೊಟ್ಟು ಕೂತಿದ್ದಳು. ಹಗ್ಗ ಎಷ್ಟು ಉದ್ದ ಬಿಟ್ಟಿದ್ದರೆಂದರೆ ಕಟ್ಟಿದ್ದಾರೋ ಇಲ್ಲವೋ ಎಂದು ಅನುಮಾನ ಬರಬೇಕು.

ಅಪ್ಪಾಸಾಬ ಗುರುತು ಹಿಡಿದು ಓಡಿಬಂದ. "ಬರ್ರಿ ಗೌಡ್ರ, ಬರ್ರಿ! ಅವ್ವಾ, ಚಂದ್ರ್ಯಾನ್ನ ಕೊಟ್ಟ ಗೌಡ್ರು ಬಂದಾರ." ಕಂಬಳಿ ಹಾಸಿ ಕೂರಿಸಿದ, ಬೆಲ್ಲ ನೀರು ತಂದಿಟ್ಟ. ಬಸಂತರಾಯ ತಂಬಿಗೆ ಕೈಯಲ್ಲೇ ಹಿಡಿದು ಕೂತ.

"ಅಪ್ಪಾಸಾಬ, ಹಾಯಂಗಿಲ್ಲೇನೋ ಅದು?"

"ಬಂದ ಹೊಸದಾಗ ಎರಡು ಸಲ ಕೊಂಬು ಬೀಸಿತ್ರಿ. ಆಮ್ಯಾಲ ಬಿಡ್ತು."

"ಏನ್ ಮಾಡಿದ್ರಿ?"

"ಏನೂ ಮಾಡಿಲ್ರಿ," ಎಂದು ಅಪ್ಪಾಸಾಬ ತಲೆ ಕೆರೆದುಕೊಂಡ. "ನಮ್ಮವ್ವ ದಿನಾ ಮುಂಜಾನೆ ಅದರ ಸುಳಿ ಮುಟ್ಟಿ ಕಣ್ಣಿಗೆ ಒತ್ತಿಕೋತಾಳ, ಅಷ್ಟ."

ಬಸಂತರಾಯ ಕೈಯಲ್ಲಿದ್ದ ತಂಬಿಗೆ ಕೆಳಗಿಟ್ಟ. ಇವರು ನೋಡಿದ್ದಾರೆ! "ಯಾವ ಸುಳಿ?" ಎಂದ, ಗೊತ್ತಿಲ್ಲದವನ ಹಾಗೆ.

ಗುಂಡವ್ವ ಕೂತಲ್ಲಿಂದಲೇ ಚಂದ್ರ್ಯಾನ ಡುಬ್ಬದ ಹಿಂದೆ ಬೆರಳಿಟ್ಟು ತೋರಿಸಿದಳು. "ಇದ ನೋಡ್ರಿ. ಹಗೇವಿನ ಸುಳಿ. ಇಂಥಾದ್ದು ಸಿಗೋದು ಅಪರೂಪ. ನೀವು ಬಾಯಿ ಬಿಟ್ಟು ಹೇಳದೇ ನಮ್ಮ ಹುಡುಗಗ ಕೊಟ್ರಿ, ನಿಮ್ಮ ಹೊಟ್ಟೀ ತಣ್ಣಗಿರ್ಲಿ."

ಹಗೇವು ಎಂದರೆ ಜೋಳ ತುಂಬಿಡಲು ನೆಲದಲ್ಲಿ ತೋಡಿದ ಹೊಂಡ. ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಮನೆ ಉಣ್ಣುತ್ತದೆ. ಕಾಳು ಕೆಳಕ್ಕೆ ಸುರಿಯುವ ಹಾಗೆ ಸುಳಿ ಕೆಳಮುಖ ತಿರುಗಿದೆಯಲ್ಲ, ಈ ಎತ್ತು ಕಟ್ಟಿದವನ ಹಗೇವು ತುಂಬುತ್ತದೆ ಎಂದು ಮುದುಕಿ ವಿವರಿಸಿದಳು. ಬಸಂತರಾಯ ಬಾಯಿ ತೆರೆದು ಕೂತ. ಅದೇ ಸುಳಿ, ಅದೇ ತಿರುವು. ಇಪ್ಪತ್ತು ಮೈಲಿ ಆಚೆ ಅದು ಹೆಣದ ತಗ್ಗು, ಇಲ್ಲಿ ಜೋಳದ ತಗ್ಗು. ನಗಬೇಕೋ ಅಳಬೇಕೋ ಅವನಿಗೆ ತಿಳಿಯಲಿಲ್ಲ. ಯಾರ ಓದು ಖರೆ ಎಂದು ಕೇಳೋಣವೆಂದರೆ ಯಾರನ್ನು ಕೇಳುವುದು, ಎತ್ತನ್ನೇ?

ಎದ್ದು ಎತ್ತಿನ ಕಡೆ ನಡೆದ. ಈಗ ಅದರ ಮೇಲೆ ಅವನಿಗೆ ಏನೂ ಇರಲಿಲ್ಲ, ನಿಜವಾಗಿಯೂ ಮುದ್ದು ಉಕ್ಕಿತ್ತು. ರೂಢಿಯಂತೆ ಗಂಟಲು ಸರಿಮಾಡಿ ಕೆಮ್ಮಿ, "ಚಂದ್ರ್ಯಾ, ಬಾರೋ ಮಗನ," ಎಂದ.

ಮೆಲುಕು ನಿಂತಿತು. ಎತ್ತು ಧಡಕ್ಕನೆ ಎದ್ದಿತು. ಗುಂಡವ್ವ ಮಗ್ಗುಲಿಗೆ ವಾಲಿ ಕೈಯೂರಿದಳು. ಚಂದ್ರ್ಯಾನ ಭುಜದ ಚರ್ಮ ನೊಣ ಕೂತಾಗಿನ ಹಾಗೆ ಪಟಪಟ ನಡುಗಿತು, ಹಿಂದೆ ಹಿಂದೆ ಸರಿದು ಹಗ್ಗ ಬಿಗಿಯುವವರೆಗೂ ಹೋಗಿ ತಲೆ ತಗ್ಗಿಸಿ ನಿಂತಿತು.

"ಹಿಂದಕ್ಕ ಬರ್ರಿ ಗೌಡ್ರ," ಎಂದಳು ಗುಂಡವ್ವ ಮೆಲ್ಲಗೆ. "ನಿಮಗ ಅಂಜತೈತಿ."

"ಅಂಜತೈತಿ? ಸಿಟ್ಟಲ್ಲೇನು ಅದು?"

"ಸಿಟ್ಟಾದ ಎತ್ತು ಹಿಂದ ಸರೀತೈತೇನ್ರಿ? ಅಂಜಿಕಿ. ನಿಮ್ಮ ಕೈ ನೋಡ್ಕೋರಿ."

ಬಸಂತರಾಯ ನೋಡಿಕೊಂಡ. ಮೈ ಮಗ್ಗುಲಾಗಿ ತಿರುಗಿತ್ತು. ಬಲಗೈ ಬೆನ್ನ ಹಿಂದೆ ಹೋಗಿ ಮುಷ್ಟಿ ಕಟ್ಟಿತ್ತು. ಬಾರಕೋಲು ತಾಂಬಾದ ಮನೆಯ ಗೂಟದಲ್ಲಿ ನೇತಾಡುತ್ತಿತ್ತು. ಕೈ ಮಾತ್ರ ಅದನ್ನು ಹಿಡಿದುಕೊಂಡೇ ಇತ್ತು. ಬಾಯಿ ಮಗನೇ ಎನ್ನುತ್ತಿತ್ತು, ಮೈ ತಾಂಬಾದ ಕೊಟ್ಟಿಗೆಯಲ್ಲಿ ಹೇಳಿದ್ದನ್ನೇ ಹೇಳುತ್ತಿತ್ತು. ಆ ಕ್ಷಣಕ್ಕೆ ಅವನಿಗೆ ತನ್ನ ಕೈಯ ಬಗ್ಗೆಯೇ ಹೆದರಿಕೆಯಾಯಿತು. ಇದು ಯಾವಾಗ ಇಷ್ಟೆಲ್ಲ ಕಲಿಯಿತು? ಕಲಿಸಿದವರಾರು?

ಹಾಗೆ ನಡುಗುವುದನ್ನು ಬೇರೆಲ್ಲೋ ನೋಡಿದ್ದೇನೆ ಎನ್ನಿಸಿತು. ಕೆಮ್ಮು, ಆಮೇಲೆ ನಡುಕ. ಎಲ್ಲಿ? ಬೆಲ್ಲ ನೀರು ಮುಗಿಸಿ, ಬುತ್ತಿಯನ್ನು ಅಲ್ಲೇ ಬಿಟ್ಟು, ಸಿಂದಗಿಯ ಬಸ್ ನಿಲ್ದಾಣಕ್ಕೆ ನಡೆಯುವಾಗ ಗೊತ್ತಾಯಿತು. ಅಡುಗೆಮನೆಯ ಬಾಗಿಲ ಸಂದಿಯಲ್ಲಿ, ಸೆರಗಿನ ಕೆಳಗೆ ಒಂದು ಭುಜ. ಅವನು ಕೆಮ್ಮಿದಾಗಲೆಲ್ಲ ಆ ಭುಜ ಜುಮ್ಮೆನ್ನುತ್ತಿತ್ತು, ಆಮೇಲೆ ಪಾತ್ರೆ ಬೀಳುತ್ತಿತ್ತು. ಮೂರು ವರ್ಷ ಬಿದ್ದ ಪಾತ್ರೆಗಳ ಸದ್ದೆಲ್ಲ ಒಮ್ಮೆಲೇ ಕಿವಿಗೆ ಬಂದು ಬಸಂತರಾಯ ನಿಲ್ದಾಣದ ಕಟ್ಟೆಯ ಮೇಲೆ ಕೂತುಬಿಟ್ಟ. ತಾಂಬಾದ ಬಸ್ಸು ಬಂತು, ಹೋಯಿತು. ಅವನು ಬಾಗೇವಾಡಿಯ ಬಸ್ಸು ಹತ್ತಿದ, ಅಲ್ಲಿಂದ ಮನಗೂಳಿಗೆ ಇನ್ನೊಂದು.

ಬೀಗ ರಾಚಪ್ಪ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತ ಕೂತಿದ್ದ. "ಬರ್ರಿ," ಎಂದ, ಅದಕ್ಕಿಂತ ಹೆಚ್ಚು ಒಂದಕ್ಷರ ಇಲ್ಲ. ಹೊಸ್ತಿಲಿಗೆ ಬರುತ್ತಿದ್ದಂತೆ ಬಸಂತರಾಯನಿಗೆ ಕೆಮ್ಮು ಗಂಟಲವರೆಗೆ ಬಂತು. ನುಂಗಿದ. ಕಣ್ಣಲ್ಲಿ ನೀರು ಬಂತು, ಆದರೂ ನುಂಗಿದ. ಮೂರು ವರ್ಷದಲ್ಲಿ ಮೊದಲ ಸಲ ಸೊಸೆಯ ಹೆಸರು ಹಿಡಿದು ಕರೆದ.

"ಬಾಳವ್ವಾ. ನಾ ಬಂದೀನಿ. ಸಿಂದಗೀ ಕಡಿಂದ ಬಂದ್ನಿ, ಚಂದ್ರ್ಯಾನ್ನ ನೋಡಾಕ ಹೋಗಿದ್ನಿ."

ಬಾಗಿಲ ಮರೆಯಿಂದ ದನಿ ಬಂತು. "ಹೆಂಗೈತ್ರಿ?"

"ಚೊಲೋ ಐತಿ. ನನ್ನ ನೋಡಿ ನಡುಗಿತು."

ಸೊಸೆ ಹೊರಗೆ ಬಂದಳು. ಸೊಂಟದಲ್ಲಿ ಕೂಸು. ಬಸಂತರಾಯ ಕೂಸಿನ ಮುಖ ನೋಡಿದ, ಕಣ್ಣು ಕೀಳಲು ಕಷ್ಟವಾಯಿತು. ಆಮೇಲೆ ಎಲ್ಲ ಹೇಳಿದ. ಝೂಲ ಎತ್ತದೆ ಎತ್ತು ತಂದದ್ದು, ತಗ್ಗಿನ ಸುಳಿ, ಅದನ್ನು ಮುಚ್ಚಿಟ್ಟು ಬಡವನಿಗೆ ಮಾರಿದ್ದು, ಹಗೇವಿನ ಸುಳಿ, ಬೆನ್ನ ಹಿಂದಿನ ಕೈ. ಹಗ್ಗ ಹೊಸೆಯುತ್ತಿದ್ದ ರಾಚಪ್ಪನ ಕೈ ನಿಂತಿತು. ಬರುವ ಸಂತೆಯ ಹೊತ್ತಿಗೆ ಇದು ಊರೂರು ಹರಡುತ್ತದೆ ಎಂದು ಬಸಂತರಾಯನಿಗೆ ಗೊತ್ತಿತ್ತು. ಹರಡಲಿ ಎಂದುಕೊಂಡ.

"ಇನ್ನೊಂದು ಐತಿ," ಎಂದ, ತಲೆ ತಗ್ಗಿಸಿ. "ನೀ ಮನ್ಯಾಗ ಕಾಲಿಟ್ಟ ದಿನ, ಎಡಗಾಲು ಇಟ್ಟಿ. ನಾ ನೋಡೀನಿ. ಯಾರಿಗೂ ಹೇಳಿಲ್ಲ."

"ಗೊತ್ತೈತ್ರಿ ಮಾವಾರ."

"ಏನ್ ಗೊತ್ತೈತಿ?"

"ನೀವು ನೋಡಿದ್ದು," ಎಂದಳು ಬಾಳಮ್ಮ. "ನಾ ತಲಿ ಎತ್ತಿದ್ನಿ, ಎಲ್ಲಾರೂ ಜ್ವಾಳಾ ನೋಡಾಕತ್ತಿದ್ರು, ನೀವು ನನ್ನ ಕಾಲು ನೋಡಾಕತ್ತಿದ್ರಿ. ಮೂರು ವರ್ಷ ಆತ್ರಿ, ಇನ್ನೂ ಅದನ್ನ ನೋಡಾಕತ್ತೀರಿ."

ಬಸಂತರಾಯ ಮನಸ್ಸನ್ನು ಕೀಲಿ ಹಾಕಿದ ಕೋಣೆ ಎಂದುಕೊಂಡಿದ್ದ. ಅದಕ್ಕೆ ಬಾಗಿಲೇ ಇರಲಿಲ್ಲ. ಈ ಹುಡುಗಿ ಮೊದಲ ದಿನದಿಂದ ಒಳಗಿನದ್ದೆಲ್ಲ ನೋಡಿಕೊಂಡೇ ಅವನಿಗೆ ರೊಟ್ಟಿ ಬಡಿದಿದ್ದಳು.

"ಸೇರು ಕಲ್ಲಿನಂಗ ಇತ್ರಿ," ಎಂದು ಆಕೆ ಮುಂದುವರಿಸಿದಳು. "ನಮ್ಮ ಕಡಿ ಹಗೂರ ತುಂಬಿರ್ತಾರ, ಮುಟ್ಟಿದ್ರ ಬೀಳ್ತೈತಿ. ನಿಮ್ಮನ್ಯಾಗ ಒದ್ದಕೂಡ್ಲೆ ಹೆಬ್ಬೆರಳಿನ ಉಗುರು ಎದ್ದು ರಗತ ಬಂತು, ಸೀರಿ ಅಂಚಿನ್ಯಾಗ ಮುಚ್ಚಿಕೊಂಡ್ನಿ. ಆ ಕಾಲು ಊರಾಕ ಬರಲಿಲ್ರಿ. ಯಾರು ತುಂಬಿದ್ರೋ ಏನೋ."

"ನಾನ ತುಂಬಿದ್ನಿ," ಎಂದ ಬಸಂತರಾಯ. ನಮ್ಮ ಮನೆಯ ಸೇರು ಕಡಿಮೆ ಕಾಣಬಾರದೆಂದು ಅಂಗೈಯಲ್ಲಿ ಒತ್ತಿ ಒತ್ತಿ ತುಂಬಿದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ಪಟಕಾ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. "ಮನೀಗೆ ಬಾ ಯವ್ವಾ. ಹಣಮಂತ್ರಾಯನ ಸಲುವಾಗಿ ಅಲ್ಲ. ನನ್ನ ಸಲುವಾಗಿ."

ಬಾಳಮ್ಮ ಕೂಸಿನ ಜುಬ್ಬದ ದಾರ ಕಟ್ಟಿದಳು, ಬಿಚ್ಚಿದಳು, ಮತ್ತೆ ಕಟ್ಟಿದಳು.

"ಒಂದು ಮಾತು ಕೊಡ್ರಿ. ಮನಸಿನ್ಯಾಗ ಏನರ ಬಂದ್ರ ಬಾಯಿ ಬಿಟ್ಟು ಅನ್ರಿ. ಬೈರಿ ಬೇಕಾರ. ಬೈದ್ರ ತಿರುಗಿ ಒಂದ್ ಮಾತು ಆಡಬಹುದು. ಸುಮ್ಮನ ನೋಡಿದ್ರ ಏನಂತ ಉತ್ತರಾ ಕೊಡ್ಲಿ?"

"ಅಂತೇನಿ," ಎಂದ ಬಸಂತರಾಯ. ಜೀವಮಾನವಿಡೀ ಬಾಯಿ ಮುಚ್ಚಿದ್ದಕ್ಕೆ ಹೆಸರು ಪಡೆದವನು ಬಾಯಿ ತೆರೆಯುವುದಾಗಿ ಮಾತು ಕೊಟ್ಟ. ಎಂಥ ಕಷ್ಟದ ಮಾತು ಕೊಟ್ಟೆನೆಂದು ಮರುದಿನ ಬಸ್ಸು ಹೊರಡುವಾಗಲೇ ತಿಳಿಯಿತು. ಖಾಲಿ ಕೊಡ ಹಿಡಿದ ಹೆಂಗಸೊಬ್ಬಳು ಎದುರಿಗೆ ದಾಟಿದಳು. ಬಸಂತರಾಯ ಹಲ್ಲು ಕಚ್ಚಿದ, ಕಿಟಕಿಯಾಚೆ ನೋಡಿದ, ಆಗಲಿಲ್ಲ.

"ಖಾಲಿ ಕೊಡ ಎದುರು ಬಂತು ಅಂತ ಮನಸಿನ್ಯಾಗ ಬಂತವಾ," ಎಂದ.

"ಇಳೀಲೇನ್ರಿ ಮತ್ತ?" ಎಂದಳು ಬಾಳಮ್ಮ ಮುಂದಿನ ಸೀಟಿನಿಂದ.

"ಬ್ಯಾಡ ಬ್ಯಾಡ. ಆಕಿ ನೀರಿಗೆ ಹೊಂಟಾಳ ಪಾಪ. ತುಂಬಿದ ಕೊಡ ತಗೊಂಡು ಯಾರು ನೀರಿಗೆ ಹೋಗ್ತಾರ?"

ಹಿಂದೆ ಕೂತವರು ಇದೇನು ಮಾವ ಸೊಸೆಯ ಮಾತು ಎಂದು ಕತ್ತು ಚಾಚಿದರು.

ತಾಂಬಾ ಮುಟ್ಟಿದಾಗ ಇಳಿಹೊತ್ತು. ಹಣಮಂತ್ರಾಯ ಓಡಿಬಂದು ಗಂಟು ಇಸಿದುಕೊಂಡ. ಚನ್ನವ್ವ ರೊಟ್ಟಿಯ ತುಣುಕು, ತಂಬಿಗೆ ನೀರು ಹಿಡಿದು ಬಾಗಿಲಿಗೆ ಬಂದಳು. ತಾಯಿಮಗುವಿಗೆ ನಿವಾಳಿಸಿ ಚೆಲ್ಲಿ, ದಾರಿ ಬಿಟ್ಟು ಸರಿದಳು. ಬಸಂತರಾಯ ಎರಡು ಹೆಜ್ಜೆ ಹಿಂದಿದ್ದ. ನೋಡಬಾರದು ಎಂದುಕೊಂಡ. ಮುಗಿಲು ನೋಡಿದ, ಕೊಟ್ಟಿಗೆಯ ಖಾಲಿ ಗೂಟ ನೋಡಿದ. ಕಣ್ಣು ತಾನಾಗಿ ಹೊಸ್ತಿಲಿಗೆ ಬಂತು.

ಬಾಳಮ್ಮ ಎಡಗಾಲು ಇಟ್ಟಳು.

ಒಳಗಿಂದ ಹಳೆಯದೆಲ್ಲ ಒಮ್ಮೆ ಎದ್ದು ಬಂತು. ಈಗ ಸುಮ್ಮನಾದರೆ ಮತ್ತೆ ಮೂರು ವರ್ಷ. ಅವನು ಬಾಯಿ ತೆರೆದ.

"ಬಾಳವ್ವಾ. ಎಡಗಾಲು ಇಟ್ಟಿ ನೋಡು."

ಚನ್ನವ್ವ ಹೌಹಾರಿ ತಂಬಿಗೆ ಎದೆಗೊತ್ತಿಕೊಂಡಳು. ಹಣಮಂತ್ರಾಯನ ಮುಖ ಕೆಂಪಾಯಿತು. ಬಾಳಮ್ಮ ಹೊಸ್ತಿಲಲ್ಲೇ ತಿರುಗಿ ಮಾವನ ಮುಖವನ್ನು ನೆಟ್ಟಗೆ ನೋಡಿದಳು. ಭುಜ ನಡುಗಲಿಲ್ಲ.

"ಹೌದ್ರಿ ಮಾವಾರ. ಕೂಸು ಬಲಗಡೆ ಐತಿ, ಭಾರ ಆ ಕಡೆ ಬಿತ್ತು. ಎಡಗಾಲ ಮೊದಲ ಎದ್ದಿತು."

"ಹಂಗೇನು," ಎಂದ ಬಸಂತರಾಯ.

ಅಷ್ಟೇ. ಮೂರು ವರ್ಷ ಒಳಗಿಟ್ಟುಕೊಂಡು ಬೆಳೆಸಿದ್ದು ಹೊರಗೆ ಬಿದ್ದ ಮೇಲೆ ಇಷ್ಟೇ ಇತ್ತು. ಆಕೆ ಒಳಗೆ ಹೋದಳು. ಅವನು ಕಟ್ಟೆಯ ಮೇಲೆ ಕೂತು ಕಾಲು ತೊಳೆದುಕೊಂಡ. ಚಂದ್ರ್ಯಾನ ನೆನಪಾಯಿತು. ಅದಕ್ಕೆ ಹೀಗೆ ಹೇಳಿ ಮುಗಿಸುವ ಹಾಗಿರಲಿಲ್ಲ. ಅದು ಇನ್ನು ಬದುಕಿರುವವರೆಗೂ ಅವನ ಕೆಮ್ಮಿಗೆ ನಡುಗುತ್ತದೆ.

ದಾರಿಯ ಧೂಳು ಗಂಟಲಲ್ಲಿ ಕೂತಿತ್ತು. ತಡೆಯುವ ಮೊದಲೇ ಕೆಮ್ಮು ಬಂದುಬಿಟ್ಟಿತು, ಹಳೆಯ ಕೆಮ್ಮು, ಜೋರಾಗಿ. ಅಡುಗೆಮನೆಯಲ್ಲಿ ಬಳೆಯ ಸದ್ದು ಥಟ್ಟನೆ ನಿಂತಿತು. ಬಸಂತರಾಯ ಕಿವಿಗೊಟ್ಟ.

"ಧೂಳಿಗೆ ಬಂತವಾ ಕೆಮ್ಮು," ಎಂದು ಕೂಗಿ ಹೇಳಿದ. "ಮತ್ತೇನಿಲ್ಲ."

"ಆತ್ರಿ," ಎಂದಿತು ಒಳಗಿನ ದನಿ.

ಆಮೇಲೆ ರೊಟ್ಟಿ ಬಡಿಯುವ ಸದ್ದು ಶುರುವಾಯಿತು, ಅದರ ಜೊತೆಗೆ ಬಳೆಯದೂ.